ಗೋಡೆಗೆ ಬೂಷ್ಟು ಹಿಡಿದಿದೆಯಾ? ಮೊದಲು ನೀರು ಹುಡುಕಿ

ಮೂರು ತಿಂಗಳು ರಾತ್ರಿಯೆಲ್ಲ ಕೆಮ್ಮಿದೆ. ಬೇರೆ ಕಡೆ ನಾಲ್ಕು ದಿನ ಮಲಗಿದರೆ ಕೆಮ್ಮು ಮಾಯ, ಮನೆಗೆ ಬಂದರೆ ಮತ್ತೆ ಶುರು. ಕೊನೆಗೆ ಬೀರು ಸರಿಸಿದರೆ ಮುಗ್ಗಲು ವಾಸನೆ, ಗೋಡೆಯಲ್ಲಿ ಎರಡು ಅಂಗೈಯಷ್ಟು ಕಪ್ಪು ಬೂಷ್ಟು.

'ಕಪ್ಪು ಅಂದರೆ ವಿಷ' ಅಂತ ಯಾರೋ ಹೆದರಿಸಿದರು. ಬಣ್ಣ ನೋಡಿ ಹಾಗೆ ಹೇಳೋಕಾಗಲ್ಲ. ಕೆಲವು ಬೂಷ್ಟುಗಳು ಮೈಕೋಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ, ಅದೂ ಸದಾ ಅಲ್ಲ. ಈ ವಿಷದ ದೊಡ್ಡ ಅಪಾಯ ಇರುವುದು ಊಟದಲ್ಲಿ. ಬೂಷ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ಇಂಥದ್ದೇ ವಿಷ ಇರಬಹುದು. ಅದು ಲಿವರ್ ಕ್ಯಾನ್ಸರ್ ತರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ಆರಿಸಿ ತಿನ್ನಬೇಡಿ, ಬಿಸಾಡಿ.

ಗೋಡೆಯ ಬೂಷ್ಟು ಕಾಡುವುದು ಹೆಚ್ಚಾಗಿ ಅಲರ್ಜಿಯಾಗಿ: ಸೀನು, ಕಣ್ಣುರಿ, ಕೆಮ್ಮು. ಆಸ್ತಮಾ ಇದ್ದವರಿಗೆ ಉಬ್ಬಸ ಜಾಸ್ತಿ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಶ್ವಾಸಕೋಶದಲ್ಲೇ ಸೋಂಕಾಗಬಹುದು. ಇವರು ಡಾಕ್ಟರಿಗೆ ತೋರಿಸಲಿ, ಬೂಷ್ಟು ಉಜ್ಜುವ ಕೆಲಸ ಬೇರೆಯವರು ಮಾಡಲಿ.

ಯಾವ ಜಾತಿ ಅಂತ ಪರೀಕ್ಷೆ ಮಾಡಿಸಬೇಕಾ? ನಾನು ಮಾಡಿಸಲಿಲ್ಲ. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೂ ಕೊಟ್ಟಿಲ್ಲ. ತೇವವನ್ನೇ ತಡೆಯಿರಿ ಅನ್ನುತ್ತದೆ. ಜಾತಿ ಯಾವುದಾದರೂ ಮಾಡುವ ಕೆಲಸ ಒಂದೇ, ಅಲ್ವಾ?

ನಾನು ಎಡವಿದ್ದೂ ಇಲ್ಲೇ. ತೇವ ಎಲ್ಲಿಂದ ಅಂತ ನೋಡದೆ ಉಜ್ಜಿ ಪೇಂಟ್ ಬಳಿದೆ. ಪೇಂಟ್ ಸಿಪ್ಪೆ ಎದ್ದು ಬೂಷ್ಟು ವಾಪಸ್ ಬಂತು. ಗೋಡೆಯ ಆ ಕಡೆ ಬಚ್ಚಲು, ಒಳಗೆ ಪೈಪು ಸಣ್ಣಗೆ ಸೋರುತ್ತಿತ್ತು. ಹಾಗಾಗಿ ಮೊದಲು ಸೋರಿಕೆ ನಿಲ್ಲಿಸಿ. ಏನೇ ಒದ್ದೆಯಾದರೂ 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಏಳುವುದಿಲ್ಲ.

ಸುಮಾರು 10 ಚದರಡಿಯೊಳಗಿದ್ದರೆ ನೀವೇ ತೊಳೆಯಬಹುದು. ಎನ್95 ಮಾಸ್ಕ್, ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ ಕಿಟಕಿ ತೆಗೆಯಿರಿ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತವೆ. ಸೋಪಿನ ನೀರಲ್ಲಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚ್ ಬಳಸಿದರೆ ಅಮೋನಿಯಾ ಇರುವ ಯಾವುದನ್ನೂ ಅದಕ್ಕೆ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬೂಷ್ಟು ಸತ್ತರೂ ಅಲರ್ಜಿ ಮಾಡುತ್ತದೆ, ಹಾಗಾಗಿ ಸುಮ್ನೆ ಸ್ಪ್ರೇ ಹೊಡೆದು ಬಿಟ್ಟರೆ ಸಾಲದು. ಹಾಸಿಗೆಯ ಒಳಗೆ ಇಳಿದಿದ್ದರೆ ಆಸೆ ಬಿಡಿ.

ಈಗ ಕೋಣೆಯಲ್ಲಿ ತೇವಾಂಶ ಅಳೆಯುವ ಪುಟ್ಟ ಮೀಟರ್ ಇಟ್ಟಿದ್ದೇನೆ. 60 ಪರ್ಸೆಂಟ್ ದಾಟಿದರೆ ಫ್ಯಾನ್ ಹಾಕಿ ತೇವ ಎಲ್ಲಿಂದ ಅಂತ ನೋಡುತ್ತೇನೆ. ಬೀರು ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿದೆ. ನೋಡೋಕೆ ಚೆನ್ನಾಗಿಲ್ಲ, ಇರಲಿ.