ಮೈಎಸ್‌ಕ್ಯೂಎಲ್ ದೋಷಸಂದೇಶವನ್ನು ಓದಿ ಸರಿಪಡಿಸುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರು, ಮಾಹಿತಿಯನ್ನು ಟೇಬಲ್ (ಕೋಷ್ಟಕ) ರೂಪದಲ್ಲಿ ಕೂಡಿಡುವ ಮೈಎಸ್‌ಕ್ಯೂಎಲ್ ತಂತ್ರಾಂಶದಲ್ಲಿ ರೈತರ ಹೆಸರನ್ನು ಕನ್ನಡದಲ್ಲಿ ನಮೂದಿಸಲು ಹೋದಾಗ '1366: ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಎಂಬ ಸಂದೇಶ ಬಂತೆಂದುಕೊಳ್ಳಿ. ಗಾಬರಿಯಾಗಿ ವಿಂಡೋ ಮುಚ್ಚುವ ಮೊದಲು ಇಡೀ ಸಾಲನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳಬೇಕು. ದೋಷದ ಸಂಖ್ಯೆ, ಕಾಲಮ್ಮಿನ ಹೆಸರು, ಸಾಲಿನ ಕ್ರಮಾಂಕ ಮೂರೂ ಅದರಲ್ಲೇ ಇರುತ್ತವೆ.

ಸಂದೇಶದಲ್ಲಿ 'ಇ0 ಬಿ2' ಅಥವಾ 'ಇ0 ಬಿ3' ಎಂಬ ಬೈಟ್‌ಗಳು ಕಂಡರೆ ಅವು ಕಸವಲ್ಲ, ನಮ್ಮ ಕನ್ನಡದ ಅಕ್ಷರಗಳೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ ಹೆಸರು ಸರಿಯಾಗಿಯೇ ಇದೆ, ಅದನ್ನು ಹಿಡಿಯಬೇಕಾದ ಕಾಲಮ್ಮು ಬಹುಮಟ್ಟಿಗೆ ಕನ್ನಡವನ್ನು ಹಿಡಿಯಲಾರದ ಹಳೆಯ ಲ್ಯಾಟಿನ್1 ಅಕ್ಷರಸಂಕೇತದಲ್ಲಿಯೇ ಉಳಿದಿದೆ. 2018ರಲ್ಲಿ ಬಂದ 8.0 ಆವೃತ್ತಿಗಿಂತ ಮೊದಲು ಡೀಫಾಲ್ಟ್ ಅದೇ ಆಗಿತ್ತು. 'ಶೋ ಕ್ರಿಯೇಟ್ ಟೇಬಲ್' ಆದೇಶದಿಂದ ಇದನ್ನು ಖಚಿತಪಡಿಸಿಕೊಂಡು, ತಪ್ಪದೆ ಬ್ಯಾಕಪ್ ತೆಗೆದು, 'ಆಲ್ಟರ್ ಟೇಬಲ್' ಆದೇಶದ ಮೂಲಕ ಟೇಬಲನ್ನು ಯುಟಿಎಫ್8ಎಂಬಿ4ಕ್ಕೆ (ಪೂರ್ಣ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್ ಕೊಟ್ಟ ಹೆಸರು) ಪರಿವರ್ತಿಸಬೇಕು. ಪ್ರೋಗ್ರಾಮಿನ ಸಂಪರ್ಕವೂ ಅದೇ ಸಂಕೇತದಲ್ಲಿರಲಿ.

ಸರಿಯಲ್ಲದ ಮೌಲ್ಯವನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡನ್ನು ಆಫ್ ಮಾಡಿದರೆ ಸಂದೇಶ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಯಾರಿಗೆ ಎಷ್ಟು ಹಣ ಕೊಡಬೇಕೆಂಬುದನ್ನು ಆಮೇಲೆ ಯಾವ ಆದೇಶವೂ ಹೇಳಲಾರದು.

ಬೇರೆ ದೋಷಸಂಖ್ಯೆಗಳೂ ಬರಬಹುದು. 1062 ಬಂದರೆ ಪ್ರೈಮರಿ ಅಥವಾ ಯೂನಿಕ್ ಕೀಯಲ್ಲಿ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ನಿಯಮ) ಅದೇ ಮೌಲ್ಯ ಈಗಾಗಲೇ ಇದೆ ಎಂದರ್ಥ. ಕೀಯನ್ನು ತೆಗೆದುಹಾಕದೆ, ಹಳೆಯ ದಾಖಲೆಯನ್ನು ಹುಡುಕಿ ನೋಡಿ. 1045 ಬಂದರೆ ಪ್ರವೇಶ ನಿರಾಕರಿಸಲಾಗಿದೆ ಎಂದರ್ಥ. ಬಳಕೆದಾರನ ಹೆಸರು, ಪಾಸ್‌ವರ್ಡ್ ಜೊತೆಗೆ ಹೋಸ್ಟ್ (ಯಾವ ಕಂಪ್ಯೂಟರಿನಿಂದ ಸಂಪರ್ಕಿಸುತ್ತಿದ್ದೀರಿ ಎಂಬುದು) ಹೆಸರನ್ನೂ ಪರಿಶೀಲಿಸಿ, ಏಕೆಂದರೆ ಮೈಎಸ್‌ಕ್ಯೂಎಲ್ ಖಾತೆಯನ್ನು ಹೆಸರು ಮತ್ತು ಹೋಸ್ಟ್ ಎರಡರಿಂದಲೂ ಗುರುತಿಸುತ್ತದೆ.