31ನೆಯ ಕರೆಗೆ ಜಾಗವಿಲ್ಲ

ಹುಬ್ಬಳ್ಳಿಯ ನಮ್ಮ ಶಾಖೆಗೆ ಇರುವುದು 20 ಎಂಬಿಪಿಎಸ್ ಲೈನು. ಸಂಜೆ ನಾಲ್ಕಕ್ಕೆ ಬ್ಯಾಕಪ್ ಬೆಂಗಳೂರಿಗೆ ಹೊರಡುತ್ತಿತ್ತು. ಅದೇ ಹೊತ್ತಿಗೆ ಐಪಿ ಫೋನುಗಳು ತೊದಲಲು ಶುರು. "ಸರ್, ಅರ್ಧ ಮಾತು ಕೇಳಸಂಗಿಲ್ರೀ" ಅಂತ ಸೇಲ್ಸ್‌ನವರು ದಿನಾ ಬಂದು ನಿಲ್ಲುತ್ತಿದ್ದರು.

ಕ್ಯೂಓಎಸ್, ಅಂದರೆ ಯಾವ ಟ್ರಾಫಿಕ್ ಮೊದಲು ಹೋಗಬೇಕೆಂದು ನಿಗದಿ ಮಾಡುವ ವಿದ್ಯೆ, ನನಗೆ ಗೊತ್ತು ಎಂಬ ಜಂಬವಿತ್ತು. ನಮ್ಮ ಫೋನುಗಳು ಮಾತಿನ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46, ಅಂದರೆ 'ಇದನ್ನು ಬೇಗ ಕಳಿಸಿ' ಎನ್ನುವ ಇಎಫ್ ಗುರುತು ಹಾಕಿಯೇ ಕಳಿಸುತ್ತವೆ. ಶಾಖೆಯಿಂದ ಹೊರಹೋಗುವ ಬಾಗಿಲಾದ ಎಡ್ಜ್ ರೂಟರಿನಲ್ಲಿ ಆ ಗುರುತಿಗೆ ಪ್ರಯಾರಿಟಿ ಕ್ಯೂ, ಅಂದರೆ ಎಲ್ಲರಿಗಿಂತ ಮೊದಲು ಹೋಗುವ ಸಾಲು, ಕೊಟ್ಟೆ. ಏನೂ ಬದಲಾಗಲಿಲ್ಲ. ಕೌಂಟರ್ ನೋಡಿದರೆ ಕ್ಯೂ ಖಾಲಿ, ಡ್ರಾಪ್ ಸೊನ್ನೆ!

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ರೂಟರಿನ ಪೋರ್ಟು 1 ಜಿಬಿಪಿಎಸ್. ಅದಕ್ಕೆ ಎಲ್ಲಿಯ ದಟ್ಟಣೆ? ಪ್ಯಾಕೆಟ್‌ಗಳು ಸಾಲುಗಟ್ಟುತ್ತಿದ್ದದ್ದು ಅದರಾಚೆ, ಲೈನು ಕೊಟ್ಟವರ ಡಬ್ಬಿಯಲ್ಲಿ. ಅಲ್ಲಿ ಎಲ್ಲಕ್ಕೂ ಒಂದೇ ಸಾಲು. ನೆಲಮಂಗಲ ಟೋಲಿನಲ್ಲಿ ಜಾಮ್ ಆಗಿದ್ದರೆ ನಾನು ಮನೆ ಗೇಟಿನ ಹತ್ತಿರ ನಿಂತು ಆಂಬುಲೆನ್ಸಿಗೆ ದಾರಿ ಬಿಡಿಸುತ್ತಿದ್ದೆ! 20 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2.5 ಮೆಗಾಬೈಟ್. ಬ್ಯಾಕಪ್ಪಿನ 1 ಮೆಗಾಬೈಟ್ ಮುಂದೆ ನಿಂತಿದ್ದರೆ ಹಿಂದಿರುವ ಮಾತು 400 ಮಿಲಿಸೆಕೆಂಡ್ ಕಾಯಬೇಕು. ಒಂದು ದಿಕ್ಕಿನಲ್ಲಿ 150 ದಾಟಿದರೇ ಮಾತಿನ ಲಯ ತಪ್ಪತೊಡಗುತ್ತದೆ.

ಹೊರಹೋಗುವ ಟ್ರಾಫಿಕ್ಕನ್ನು ರೂಟರಿನಲ್ಲೇ 19 ಎಂಬಿಪಿಎಸ್‌ಗೆ ಶೇಪ್ ಮಾಡಿದೆ, ಅಂದರೆ ಅದಕ್ಕಿಂತ ವೇಗವಾಗಿ ಹೊರಬಿಡದಂತೆ ತಡೆದೆ. ದುಡ್ಡು ಕೊಟ್ಟ 1 ಎಂಬಿಪಿಎಸ್ ಸುಮ್ನೆ ಬಿಡಬೇಕಲ್ಲ ಅಂತ ಹೊಟ್ಟೆ ಉರಿಯಿತು, ನಿಜ. ಆದರೆ ಸಾಲು ನಮ್ಮ ಕಡೆಗೆ ಬಂತು, ಪ್ರಯಾರಿಟಿಗೆ ಕೆಲಸ ಸಿಕ್ಕಿತು. ನಾಲ್ಕು ಗಂಟೆಯ ಪಿಂಗ್ (ಪ್ಯಾಕೆಟ್ ಹೋಗಿಬರುವ ಸಮಯ) 380 ಮಿಲಿಸೆಕೆಂಡಿನಿಂದ 14ಕ್ಕೆ ಇಳಿಯಿತು. ಒಳಬರುವ ಕಡೆ ಇಷ್ಟು ಹಿಡಿತ ಸಿಗುವುದಿಲ್ಲ, ಆ ಸಾಲು ಅವರದ್ದು.

ಇನ್ನೊಂದು ಪೆಟ್ಟು ಬಾಕಿಯಿತ್ತು. ಪ್ರಯಾರಿಟಿ ಕ್ಯೂಗೆ ಮಿತಿ ಇಡದಿದ್ದರೆ ಅದು ಉಳಿದವರನ್ನೆಲ್ಲ ಉಪವಾಸ ಕೆಡವುತ್ತದೆ. ಹಾಗಂತ ಅಂದಾಜಿನಲ್ಲಿ 1 ಎಂಬಿಪಿಎಸ್ ಮಿತಿ ಇಟ್ಟೆ. ನಮ್ಮ ಫೋನುಗಳು ಮಾತನ್ನು ಡಿಜಿಟಲ್ ಮಾಡುವ ಜಿ.711 ವಿಧಾನಕ್ಕೆ ಬೇಕಾದದ್ದು 64 ಕೆಬಿಪಿಎಸ್ ಎನ್ನುತ್ತಾರಲ್ಲ, ಪ್ರತಿ ಪ್ಯಾಕೆಟ್ಟಿಗೆ ಅಂಟುವ ವಿಳಾಸದ ಚೀಟಿಗಳು, ಅಂದರೆ ಹೆಡರ್‌ಗಳು, ಸೇರಿದರೆ ಈಥರ್ನೆಟ್ ಮೇಲೆ ಒಂದು ಕರೆಗೆ ಸುಮಾರು 87 ಆಗುತ್ತದೆ. ಹನ್ನೊಂದು ಕರೆ ಚೆನ್ನಾಗಿ ನಡೆದವು. ಹನ್ನೆರಡನೆಯದು ಬಂದದ್ದೇ ತಡ, ಹನ್ನೆರಡೂ ಕೆಟ್ಟವು. ಯಾರು ಮೊದಲು ಬಂದವರು ಎಂದು ಆ ಮಿತಿ ಕಾಯುವ 'ಪೊಲೀಸರ್' ಕೇಳುವುದಿಲ್ಲ, ಕೈಗೆ ಸಿಕ್ಕಿದ ಪ್ಯಾಕೆಟ್ ಬಿಸಾಕುತ್ತದೆ.

ಮಿತಿಯನ್ನು 3ಕ್ಕೆ ಏರಿಸಿದೆ. ಜೊತೆಗೆ ಕಚೇರಿಯ ಕರೆಗಳನ್ನು ಜೋಡಿಸುವ ಪಿಬಿಎಕ್ಸ್‌ನಲ್ಲಿ ಏಕಕಾಲಕ್ಕೆ 30 ಕರೆ, ಜಾಸ್ತಿ ಇಲ್ಲ ಎಂದು ಕಟ್ಟಿಹಾಕಿದೆ. ಗ್ಯಾರಂಟಿ ಕೊಡಬೇಕೆಂದರೆ ಯಾರಿಗಾದರೂ ಇಲ್ಲ ಅನ್ನಲೇಬೇಕು, ಅಲ್ವಾ? ಮೊದಲ ವಾರವೇ 31ನೆಯ ಕರೆ ಬಂತು. ಬಿಜಿ ಟೋನ್ ಕೇಳಿದವರು ನಮ್ಮ ಮ್ಯಾನೇಜರ್.