ಹಾಲು ಬಿಡಿಸಿದ ಮೊಲದ ಮರಿ ಉಳಿಸಿಕೊಂಡಿದ್ದು ಹೀಗೆ: ನನ್ನ ಅನುಭವ

ಮೊಲ ಸಾಕುವವರಿಗೆಲ್ಲ ಗೊತ್ತು, ಪೆಟ್ಟು ಬೀಳುವುದು ಹಾಲು ಬಿಡಿಸಿದ ಮೇಲಿನ ಎರಡು ಮೂರು ವಾರದಲ್ಲಿ. ಹೊಟ್ಟೆ ಉಬ್ಬರ, ಲೋಳೆ ಬೇಧಿ, ಬೆಳಗಾಗುವಷ್ಟರಲ್ಲಿ ಮರಿ ಸತ್ತಿರುತ್ತದೆ. ಮೊದಲೆಲ್ಲ ನನ್ನ ಶೆಡ್ಡಿನಲ್ಲಿ ನೂರಕ್ಕೆ ಮೂವತ್ತರ ಹತ್ತಿರ ಹೋಗುತ್ತಿದ್ದವು. ಈಗ ಆರೇಳು ಹೋದರೆ ಜಾಸ್ತಿ. ನನ್ನದು ಚಿಕ್ಕಬಳ್ಳಾಪುರದ ಕಡೆ, ಅರವತ್ತು ಹೆಣ್ಣಿನ ಆಸುಪಾಸು, ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲಾ ತಳಿ. ನಮ್ಮ ಸುತ್ತಮುತ್ತ ಇಷ್ಟು ಮರಿ ಉಳಿಸಿಕೊಂಡವರನ್ನು ನಾನಂತೂ ನೋಡಿಲ್ಲ.

ಅದಕ್ಕೂ ಮೊದಲು ದುಡ್ಡು ಹೋದದ್ದು ಕಡಿಮೆಯಲ್ಲ. ಲಿವರ್ ಟಾನಿಕ್, ಮಲ್ಟಿವಿಟಮಿನ್, ಕ್ಯಾಲ್ಸಿಯಂ ಅಂತ ತಿಂಗಳಿಗೆ ಮೂರು ಸಾವಿರ ಬಾಟಲಿಗೇ ಹೋಗುತ್ತಿತ್ತು. ಸಾವು ನಿಲ್ಲಲಿಲ್ಲ. ಔಷಧಿ ಅಂಗಡಿಯೊಂದರಲ್ಲಿ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಪುಡಿ ನೀರಿಗೆ ಹಾಕಿ ಅಂದರು. ಬಾಯಿಗೆ ಕೊಟ್ಟ ಅಮಾಕ್ಸಿಸಿಲಿನ್ ಮೊಲದ ಕರುಳನ್ನೇ ಕೆಡಿಸುತ್ತದೆ. ಯಾರು ಏನೇ ಹೇಳಲಿ, ಅದರ ತಂಟೆಗೆ ಹೋಗಬೇಡಿ.

ಕೊನೆಗೆ ಕೈಹಿಡಿದದ್ದು ನಮ್ಮ ಹಿಪ್ಪುನೇರಳೆ ಸೊಪ್ಪು ಮತ್ತು ಈಸ್ಟ್. ಸೊಪ್ಪು ಹಾಕಿದರೆ ಬೇಧಿ ಗ್ಯಾರಂಟಿ ಅಂತ ಎಲ್ಲರೂ ಹೆದರಿಸಿದರು. ಹಸಿ ಸೊಪ್ಪು ಏಕಾಏಕಿ ಸುರಿದರೆ ಆಗುತ್ತದೆ, ನಿಜ. ನಾನು ನೆರಳಲ್ಲಿ ಒಣಗಿಸುತ್ತೇನೆ. ಬಣ್ಣ ಹಸಿರಾಗಿಯೇ ಇರಬೇಕು, ಹಿಸುಕಿದರೆ ಪುಡಿಯಾಗಬೇಕು. ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು ಬೇಡವೇ ಬೇಡ, ಅದರಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಇರುತ್ತದೆ. ತೋಟಕ್ಕೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿಯೇ ತರುತ್ತೇನೆ.

ಕೈತಿಂಡಿಯಲ್ಲಿ, ಅಂದರೆ ಹುಲ್ಲಿನ ಜೊತೆ ಕೊಡುವ ನುಚ್ಚು, ಹಿಂಡಿಯ ಮಿಶ್ರಣದಲ್ಲಿ, ಜೋಳದ ನುಚ್ಚು ಅರ್ಧಕ್ಕೆ ಇಳಿಸಿದೆ. ಆ ಜಾಗಕ್ಕೆ ಒಣ ಸೊಪ್ಪಿನ ಪುಡಿ, ಗೋಧಿ ಬೂಸಾ. ಕೆಜಿಗೆ ಎರಡು ಮೂರು ಗ್ರಾಂ ಈಸ್ಟ್, ಹದಿನೈದು ಗ್ರಾಂ ಮಿನರಲ್ ಮಿಕ್ಸ್‌ಚರ್, ಐದು ಗ್ರಾಂ ಉಪ್ಪು. ಹಿಂಡಿಯಲ್ಲಿ ಬೂಷ್ಟಿನ ವಾಸನೆ ಬಂದರೆ ಆ ಮೂಟೆ ಶೆಡ್ಡಿನೊಳಗೆ ಬರುವುದೇ ಇಲ್ಲ. ಪುಡಿ ಪುಡಿ ಮೇವು ಮೊಲಕ್ಕೆ ಸೇರಲ್ಲ, ಹಾಗಾಗಿ ತಣ್ಣನೆಯ ಬೆಲ್ಲದ ನೀರು ಚಿಮುಕಿಸಿ ಉದುರುದುರಾಗಿ ಕಲಸುತ್ತೇನೆ. ನೀರು ಬಿಸಿಯಿದ್ದರೆ ಈಸ್ಟ್ ಸತ್ತೇ ಹೋಗುತ್ತದೆ. ಮರಿಗೆ ಶುರುವಿನಲ್ಲಿ ನಲವತ್ತು ಗ್ರಾಂ ಸಾಕು, ಅದೂ ಸಂಜೆ. ರಾಗಿ ಹುಲ್ಲು ಮಾತ್ರ ಹಗಲು ರಾತ್ರಿ ಮುಂದೆ ಇರಲೇಬೇಕು. ಇದನ್ನೆಲ್ಲ ಹಾಲು ಬಿಡಿಸುವ ಹತ್ತು ದಿನ ಮುಂಚೆ, ಮರಿ ತಾಯಿ ಜೊತೆ ಇರುವಾಗಲೇ ರೂಢಿ ಮಾಡಿಸುತ್ತೇನೆ. ಇದರೊಳಗೆ ಇನ್ನೊಂದು ಅಡುಗೆಮನೆ ಸಾಮಾನೂ ಬೀಳುತ್ತದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗುರುತು ಹಿಕ್ಕೆಯಲ್ಲೇ ಸಿಗುತ್ತದೆ. ದುಂಡಗೆ, ದಪ್ಪಗೆ ಇರಬೇಕು. ಬೆರಳಲ್ಲಿ ಒಡೆದರೆ ಒಳಗೆ ಹುಲ್ಲಿನ ನಾರು ಕಾಣಬೇಕು. ಚಿಕ್ಕದಾದರೆ, ಒಂದಕ್ಕೊಂದು ಅಂಟಿಕೊಂಡರೆ, ಅವತ್ತೇ ಕೈತಿಂಡಿ ನಿಲ್ಲಿಸಿ ಬರೀ ಹುಲ್ಲು ಹಾಕಿ. ಕಾಕ್ಸಿ (ಕಾಕ್ಸಿಡಿಯೋಸಿಸ್, ಪರಾವಲಂಬಿ ಜೀವಿಯಿಂದ ಬರುವ ರೋಗ) ಬಂದರೆ ಈಸ್ಟು ಸೊಪ್ಪು ಯಾವುದೂ ಕೆಲಸಕ್ಕೆ ಬರಲ್ಲ. ಡಾಕ್ಟರನ್ನು ಕೇಳಿ ಆಂಪ್ರೋಲಿಯಂ ಕೊಡಲೇಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ನೀರಲ್ಲಿ ತೇಲಿ ಬೆಳೆಯುವ ಅಜೋಲಾ ಹಸಿಯಾಗಿ ಮೂಸಿಯೂ ನೋಡಲಿಲ್ಲ, ಒಣಗಿಸಿ ಬೆರೆಸಿದರೆ ತಿಂದವು. ಆದರೆ ಒಣಗಿಸುವ ಕೂಲಿ ಗಿಟ್ಟಲಿಲ್ಲ. ಸುಬಾಬುಲ್ ಮರದ ಸೊಪ್ಪು ಚೆನ್ನಾಗಿ ತಿಂದವು, ಜಾಸ್ತಿಯಾದಾಗ ಕೂದಲು ಉದುರಿತು. ಅದರಲ್ಲಿರುವ ಮಿಮೋಸಿನ್ ಅನ್ನೋ ವಿಷದಂಶ ಮಾಡುವ ಕೆಲಸ ಅದು. ನುಗ್ಗೆ ಸೊಪ್ಪು ಹಾಲೂಡಿಸುವ ತಾಯಂದಿರಿಗೆ ಒಳ್ಳೆಯದು, ಈಗಲೂ ಕೊಡುತ್ತೇನೆ.

ಲೆಕ್ಕಕ್ಕೆ ಬಂದರೆ, ಮೊದಲು ಕೈತಿಂಡಿ ಕೆಜಿಗೆ ಮೂವತ್ತೈದರ ಹತ್ತಿರ ಬೀಳುತ್ತಿತ್ತು, ಈಗ ಇಪ್ಪತ್ತೇಳು ಇಪ್ಪತ್ತೆಂಟು. ಈಸ್ಟಿಗೆ ತಿಂಗಳಿಗೆ ಇನ್ನೂರೂ ಆಗಲ್ಲ. ಎರಡು ಕೆಜಿ ತೂಕ ಬರುವುದು ಒಂದು ವಾರ ತಡವಾಗುತ್ತದೆ, ಒಪ್ಪುತ್ತೇನೆ. ಆದರೆ ಉಳಿದ ಒಂದೊಂದು ಮರಿಯೂ ಆರೇಳು ನೂರು ರೂಪಾಯಿ, ಅಲ್ವಾ?

ಈ ಬೇಸಿಗೆಗೆ ಗಂಡುಗಳಿಗೆ ವಿಟಮಿನ್ ಇ, ಸೆಲೆನಿಯಂ ಕೊಡಲು ಶುರು ಮಾಡಿದ್ದೇನೆ. ಸೆಕೆಗೆ ಗಂಡಿನ ವೀರ್ಯ ಕೆಟ್ಟು ಹೆಣ್ಣು ಗಬ್ಬ ನಿಲ್ಲುವುದೇ ಕಷ್ಟವಾಗುತ್ತದೆ. ಜೂನ್ ತಿಂಗಳ ಮರಿ ಎಣಿಸಿ ಆಮೇಲೆ ಬರೆಯುತ್ತೇನೆ.